ಕೆಲಸ ಮುಗಿಸಿ ಬಂದ ಮೇಲೆ ಕವಿತೆ, ನಾಟಕ: ಆರು ಜನ ಕೂತು ಓದೋದು ಹೇಗೆ?

ಮೆಟ್ಟಿಲುಸಾಲು:

ಎಲ್ಲರಿಗೂ ನಮಸ್ಕಾರ. ನಮ್ಮ ವಠಾರದಲ್ಲಿ ಆರು ಜನ ಶನಿವಾರ ಸಂಜೆ ಒಂದೂವರೆ ಗಂಟೆ ಕೂತು ಕವಿತೆ, ನಾಟಕ ಓದೋಣ ಅಂತ ಮಾತಾಗಿದೆ. ಬ್ಯಾಂಕಿನವರು, ನರ್ಸ್, ಅಂಗಡಿ ಲೆಕ್ಕ ಬರೆಯೋರು, ಒಬ್ಬ ಪಿಯುಸಿ ಹುಡುಗಿ. ಸಾಹಿತ್ಯ ಓದಿಕೊಂಡವರು ಯಾರೂ ಇಲ್ಲ. ಉಪನ್ಯಾಸ ಬೇಡ, ಪರೀಕ್ಷೆಯ ಸಾರಾಂಶವೂ ಬೇಡ. ಅಡುಗೆ, ಸಂಬಳ, ಜಗಳ, ಬೇಸರ, ಇಂಥ ದಿನನಿತ್ಯದ ಬದುಕನ್ನೇ ಸ್ವಲ್ಪ ಬೇರೆ ಬೆಳಕಲ್ಲಿ ನೋಡೋ ಹಾಗೆ ಆಗಬೇಕು, ಅಷ್ಟೇ ಆಸೆ.

ಯಾವುದರಿಂದ ಶುರು ಮಾಡೋದು? ಸುಮ್ಮನೆ ಒಬ್ಬರಾದ ಮೇಲೆ ಒಬ್ಬರು ಓದಿದರೆ ಸಾಕಾ? ಹಳೇ ಕಾವ್ಯ ನಮ್ಮಂಥವರ ಕೈಗೆ ಸಿಗುತ್ತಾ? ಇಂಥ ಗುಂಪು ಎಲ್ಲಿ ಹದಗೆಡುತ್ತೆ ಅನ್ನೋದನ್ನೂ ತಿಳಿದವರು ಹೇಳಿ.

ರಂಗಸೂಚನೆ:

ಮೊದಲ ಶನಿವಾರಕ್ಕೆ ಬಸವಣ್ಣನ ಕಾಲದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನ ಒಂದೇ ಒಂದು ವಚನ ತಗೊಳ್ಳಿ. ಅದು ಕವಿತೆಯೂ ಹೌದು, ಒಂದು ನಿಮಿಷದ ನಾಟಕವೂ ಹೌದು.

"ಆಸೆಯೆಂಬುದು ಅರಸಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ."

ಹಿನ್ನೆಲೆ ಇಷ್ಟೇ: ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಹೆಂಡತಿ ಒಳಗೆ ಸೇರಿಸಲಿಲ್ಲ, ವಾಪಸ್ ಕೊಟ್ಟು ಬನ್ನಿ ಅಂದಳು.

ಇದನ್ನ ಸುಭಾಷಿತದ ಹಾಗೆ ಗೋಡೆಗೆ ನೇತುಹಾಕಿ ಓದಿದರೆ ಏನೂ ಹುಟ್ಟೋದಿಲ್ಲ. ಒಬ್ಬರು ಕೈಯಲ್ಲಿ ಅಕ್ಕಿಚೀಲ ಹಿಡಿದು ಬಾಗಿಲಲ್ಲಿ ನಿಲ್ಲಲಿ. ನಿಜವಾದ ಚೀಲ, ಎರಡು ಕೆಜಿಯಾದರೂ ಇರಲಿ, ತೋಳಿಗೆ ತೂಕ ಗೊತ್ತಾಗಬೇಕು. ಇನ್ನೊಬ್ಬರು ಒಳಗಿನಿಂದ ಆ ಮುಖ ನೋಡಿಕೊಂಡು ಓದಲಿ. ಮೊದಲೆರಡು ಸಾಲು ಲೋಕಕ್ಕೆ ಹೇಳಿದ ಮಾತು. ಮೂರನೆಯ ಸಾಲಲ್ಲಿ ಅವಳ ಕಣ್ಣು ಚೀಲಕ್ಕೆ ಇಳಿಯುತ್ತೆ. "ಈಸಕ್ಕಿ" (ಇಷ್ಟು ಅಕ್ಕಿ) ಅನ್ನೋವಾಗ ಓದುವವರು ಹಾಳೆ ಬಿಟ್ಟು ಅಕ್ಕಿಯನ್ನೇ ನೋಡಬೇಕು. ಅಲ್ಲಿ ಅರೆಕ್ಷಣ ನಿಲ್ಲಿ. ಚೀಲ ಹಿಡಿದವರು ತಮಗೆ ತೋಚಿದ ಕಡೆ ಅದನ್ನ ಕೆಳಗಿಡಲಿ, ಅಥವಾ ಇಡದೇ ಇರಲಿ. ಒಂದು ಸಲ ಓದೋಕೆ ಅರ್ಧ ನಿಮಿಷ ಸಾಕು. ಆರು ಜನ ಸರದಿಯಲ್ಲಿ ಓದಿದರೂ ಐದು ನಿಮಿಷದೊಳಗೆ ಮುಗಿಯುತ್ತೆ. ಆರು ಲಕ್ಕಮ್ಮಂದಿರು ಆರು ಥರ: ಒಬ್ಬಳು ಗದರುತ್ತಾಳೆ, ಒಬ್ಬಳು ನಗುತ್ತಾಳೆ, ಇನ್ನೊಬ್ಬಳಿಗೆ ಗಂಡನ ಬಗ್ಗೆ ಮರುಕ.

ಕೆಡೋ ಜಾಗಗಳು ನನಗೆ ಕಂಡ ಹಾಗೆ ಮೂರು. "ಅಯ್ಯಾ" ಅನ್ನೋದನ್ನ ಶಾಲೆಯ ಪದ್ಯದ ಧಾಟಿಯಲ್ಲಿ ಎಳೆಯೋದು ಒಂದು. ಅಂಕಿತ, ಅಂದರೆ ವಚನಕಾರರ ಗುರುತಾಗಿ ಕೊನೆಗೆ ಬರೋ ದೇವರ ಹೆಸರು, ಬಂದ ತಕ್ಷಣ ಜಯಘೋಷದ ಹಾಗೆ ದನಿ ಏರಿಸೋದು ಇನ್ನೊಂದು. ಇಲ್ಲಿ ಅಂಕಿತದ ಪಕ್ಕದಲ್ಲೇ "ದೂರ ಮಾರಯ್ಯಾ" ಇದೆ, ಭಾರ ಅಲ್ಲಿ ಬೀಳಬೇಕು. ಮೂರನೆಯದು ಎಲ್ಲ ಗುಂಪುಗಳಲ್ಲೂ ಇರೋ ರೋಗ, ವಾಕ್ಯದ ಕೊನೆ ನುಂಗೋದು. ಕನ್ನಡದಲ್ಲಿ ಕ್ರಿಯಾಪದ ಬರೋದು ಕೊನೆಗೆ, ಉಸಿರು ಸೋತು ದನಿ ಇಳಿಯೋದೂ ಅಲ್ಲೇ. ಕೇಳೋರಿಗೆ ಯಾರು, ಎಲ್ಲಿ, ಯಾವಾಗ ಎಲ್ಲ ಸಿಕ್ಕಿ, ಏನು ಮಾಡಿದ ಅನ್ನೋದೊಂದೇ ಸಿಗೋದಿಲ್ಲ. ಪೆನ್ಸಿಲಲ್ಲಿ ಉಸಿರಿನ ಜಾಗಕ್ಕೆ ಒಂದು ಓರೆಗೆರೆ ಹಾಕಿಕೊಳ್ಳಿ, ಕೊನೆಯ ಪದದ ಕೆಳಗೆ ಒಂದು ಅಡ್ಡಗೆರೆ.

ಓದಾದ ಮೇಲೆ "ಇದರ ಅರ್ಥವೇನು" ಅಂತ ಕೇಳಬೇಡಿ. ಹಾಗೆ ಕೇಳಿದ್ದೇ ತಡ, ಒಬ್ಬರು ಪ್ರವಚನ ಶುರು ಮಾಡ್ತಾರೆ, ಉಳಿದವರು ಗಡಿಯಾರ ನೋಡ್ತಾರೆ. ಯಾರು ಯಾರಿಗೆ ಹೇಳ್ತಿದ್ದಾರೆ, ಇದಕ್ಕೆ ಸ್ವಲ್ಪ ಮುಂಚೆ ಏನಾಗಿರಬೇಕು, ಮಾತು ಮುಗಿದ ಮೇಲೆ ಎದುರಿನವರು ಏನು ಮಾಡಬೇಕಾಗುತ್ತೆ, ಇಷ್ಟು ಕೇಳಿ. ನಿಮ್ಮ ಬದುಕಿಗೆ ಇದು ಹೇಗೆ ಅನ್ವಯ ಅಂತ ಒಬ್ಬೊಬ್ಬರ ಬಾಯಲ್ಲೂ ಹೇಳಿಸೋದು ದೊಡ್ಡ ತಪ್ಪು. ತಾಗಬೇಕಾದವರಿಗೆ ಅದು ತಾಗಿರುತ್ತೆ. ಸೋಮವಾರ ರೇಷನ್ ಅಂಗಡಿ ಸಾಲಲ್ಲಿ ನೆನಪಾದರೂ ಆಗಬಹುದು.

ಭಾಮಿನಿ:

ರಂಗಸೂಚನೆಯವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ವಚನಕ್ಕೆ ಅವರ ದಾರಿ ಸರಿ. ಆದರೆ ಅರ್ಥ ಕೇಳಲೇಬೇಡಿ ಅಂದರೆ ನಡುಗನ್ನಡದ ಬಾಗಿಲೇ ತೆರೆಯೋದಿಲ್ಲ. ಗಮಕದಲ್ಲಿ, ಅಂದರೆ ಕಾವ್ಯವನ್ನ ರಾಗವಾಗಿ ಓದಿ ಅರ್ಥ ಹೇಳೋ ಕಲೆಯಲ್ಲಿ, ವಾಚನಕ್ಕೆ ಒಬ್ಬರು, ವ್ಯಾಖ್ಯಾನಕ್ಕೆ ಒಬ್ಬರು ಅಂತ ಹಿರಿಯರು ಕೆಲಸ ಹಂಚಿದ್ದು ಸುಮ್ಮನೆ ಅಲ್ಲ. ಅಕ್ಷರ ಬರದವರೂ ಚಾವಡಿಯಲ್ಲಿ ಕೂತು ಕುಮಾರವ್ಯಾಸನನ್ನ ಕೇಳಿ ಅರಗಿಸಿಕೊಂಡದ್ದು ಈ ಏರ್ಪಾಡಿನಿಂದ. ಶಿವಮೊಗ್ಗದ ಹತ್ತಿರದ ಮತ್ತೂರು, ಹೊಸಹಳ್ಳಿಯಲ್ಲಿ ಈಗಲೂ ಅದು ಜೀವಂತ.

ದಿನನಿತ್ಯದ ಬದುಕು ಬೇಕು ಅಂದಿರಲ್ಲ, ಕುಮಾರವ್ಯಾಸ ಭಾರತದ ವಿರಾಟಪರ್ವ ತೆಗೀರಿ. ಕೀಚಕ ಪೀಡಿಸಿದ ಮೇಲೆ ದ್ರೌಪದಿ ರಾತ್ರಿ ಹೊತ್ತು ಅಡುಗೆಮನೆಗೆ ಬಂದು, ಬಾಣಸಿಗನ ವೇಷದಲ್ಲಿ ಮಲಗಿರೋ ಭೀಮನನ್ನ ಎಬ್ಬಿಸಿ ಗೋಳು ತೋಡಿಕೊಳ್ಳೋ ಭಾಗ. ಅಲ್ಲಿನ ಒಂದು ಷಟ್ಪದಿಯ (ಆರು ಸಾಲಿನ ಪದ್ಯ) ಉತ್ತರಾರ್ಧ:

"ಗಂಡರೈವರು ಮೂರು ಲೋಕದ
ಗಂಡರೊಬ್ಬಳನಾಳಲಾರಿರಿ
ಗಂಡರೋ ನೀವ್ ಷಂಡರೋ ಹೇಳೆಂದಳಿಂದುಮುಖಿ"

ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಲ್ಲಿ 3-4-3-4, ಒಟ್ಟು 14 ಮಾತ್ರೆ (ಅಕ್ಷರ ಉಚ್ಚರಿಸೋಕೆ ಹಿಡಿಯೋ ಕಾಲದ ಅಳತೆ). 3 ಮತ್ತು 6ನೇ ಸಾಲಲ್ಲಿ 3-4-3-4-3-4, ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಇದರ ಪ್ರಕಾರ ಮೇಲೆ ಕೊಟ್ಟ ಮೂರರಲ್ಲಿ ಎರಡನೇ ಸಾಲನ್ನ ಒಡೆದರೆ "ಗಂಡ | ರೊಬ್ಬಳ | ನಾಳ | ಲಾರಿರಿ" ಆಗುತ್ತೆ. ಲಯ ಚೆನ್ನಾಗಿದೆ, ಆದರೆ ಕಿವಿಗೆ "ನಾಳ", "ಲಾರಿರಿ" ಬಿದ್ದರೆ ಯಾರಿಗೆ ಏನು ತಿಳೀಬೇಕು? ಆದ್ದರಿಂದ ಮೊದಲು ಪದ ಬಿಡಿಸಿ: ಗಂಡರು, ಒಬ್ಬಳನ್ನು, ಆಳಲಾರಿರಿ. ಹಾಗೇ "ಹೇಳೆಂದಳಿಂದುಮುಖಿ" ಅನ್ನೋದು ಹೇಳು, ಎಂದಳು, ಇಂದುಮುಖಿ. ಇಲ್ಲಿ ಇನ್ನೊಂದು ತೊಡಕಿದೆ. "ಹೇಳು" ಅನ್ನೋವರೆಗೆ ದ್ರೌಪದಿಯ ಮಾತು, ಅಲ್ಲಿಂದ ಮುಂದಿನದು ಕವಿಯದು. ಎರಡೂ ಒಂದೇ ಉಸಿರಲ್ಲಿ ಅಂಟಿಕೊಂಡಿವೆ. ಓದುವವರು "ಹೇಳು" ಆದ ಮೇಲೆ ದನಿ ಬದಲಿಸದಿದ್ದರೆ ದ್ರೌಪದಿ ತನ್ನನ್ನೇ ಇಂದುಮುಖಿ ಅಂತ ಕರೆದುಕೊಂಡ ಹಾಗೆ ಕೇಳಿಸುತ್ತೆ.

ಕ್ರಮ ಹೀಗಿರಲಿ. ಯಾರಾದರೂ ಒಬ್ಬರು ಹಿಂದಿನ ದಿನವೇ ಪದ ಬಿಡಿಸಿಕೊಂಡು, ಕೋಶ ನೋಡಿಕೊಂಡು ಬರಲಿ. ಪ್ರತಿ ವಾರ ಬೇರೆಯವರು. ಮೊದಲು ಲಯದಲ್ಲಿ ಒಂದು ಸಲ ಓದು, ಅರ್ಥವಾಗದಿದ್ದರೂ ಪರವಾಗಿಲ್ಲ. ಆಮೇಲೆ ಪದ ಬಿಡಿಸಿ ಆಡುಮಾತಲ್ಲಿ ಹೇಳೋದು, ಪದ್ಯಕ್ಕೆ ಎರಡು ನಿಮಿಷ ಮೀರದ ಹಾಗೆ. ಕೊನೆಗೆ ಮತ್ತೆ ಲಯದಲ್ಲಿ. ಈ ಮೂರನೆಯ ಓದನ್ನ ಎಲ್ಲರೂ ಬಿಟ್ಟುಬಿಡ್ತಾರೆ, ಫಲ ಇರೋದು ಅಲ್ಲೇ. ಒಂದು ಸಂಜೆಗೆ ಎಂಟು ಹತ್ತು ಪದ್ಯ ಸಾಕು. ಇಪ್ಪತ್ತಕ್ಕೆ ಹೋದರೆ ತೂಕಡಿಕೆ ಖಂಡಿತ.

ರಾಗ ಬರೋದಿಲ್ಲ ಅಂತ ಹಿಂಜರಿಯಬೇಡಿ, ಮಾತ್ರೆ ತಪ್ಪದೆ ಓದಿದರೆ ಆಯ್ತು. ತೊಡೆ ಮೇಲೆ ಬೆರಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ತಟ್ಟಿಕೊಂಡು ಅಭ್ಯಾಸ ಮಾಡಿ. ಪಿಯುಸಿ ಹುಡುಗಿ ಇದನ್ನ ನಿಮಗೆಲ್ಲರಿಗಿಂತ ಬೇಗ ಹಿಡೀತಾಳೆ.

ರಂಗಸೂಚನೆ:

ಭಾಮಿನಿಯವರೇ, ಮೂರನೇ ಓದಿನ ಮಾತು ನೂರಕ್ಕೆ ನೂರು ಒಪ್ಪಿದೆ. ಆ ಪದ್ಯಕ್ಕೆ ನನ್ನದೊಂದು ಸೇರ್ಪಡೆ: ಅದನ್ನ ಕೂಗಬೇಡಿ. ಅದು ಅಜ್ಞಾತವಾಸ, ಪಕ್ಕದಲ್ಲಿ ಯಾರಿಗಾದರೂ ಕೇಳಿಸಿ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಇಷ್ಟು ಸಿಟ್ಟಿನ ಮಾತನ್ನ ಪಿಸುದನಿಯಲ್ಲಿ ಆಡಬೇಕಾದ ಸಂಕಟ ಅವಳದ್ದು. ಮಕ್ಕಳು ಎದ್ದಾರು ಅಂತ ದನಿ ತಗ್ಗಿಸಿ ಜಗಳ ಆಡಿದವರಿಗೆಲ್ಲ ಇದು ತಕ್ಷಣ ಗೊತ್ತಾಗುತ್ತೆ.

ಕೆರಿದಂಡಿ:

ನಮಸ್ಕಾರ್ರಿ. ಹಾಡಿನ ಧಾಟಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕ ಬರೀಲಿಕ್ಕತ್ತೀನಿ.

ಬೇಂದ್ರೆಯವರದು, ಕೆ.ಎಸ್. ನರಸಿಂಹಸ್ವಾಮಿಯವರದು ನೀವು ಓದೇ ಓದತೀರಿ. ಮೈಸೂರ ಮಲ್ಲಿಗೆ 1942ರಾಗ ಬಂತು, ಗಂಡ-ಹೆಂಡತಿ, ತವರು, ಬಳೆ, ಇಂಥಾ ಸಣ್ಣಸಣ್ಣ ಸಂಗತಿ ಮ್ಯಾಲೆ ನಿಂತ ಪುಸ್ತಕ. ನಿಮಗ ಹೇಳಿ ಮಾಡಿಸಿದ್ದು. ತ್ರಾಸು ಏನಂದ್ರ, ಭಾವಗೀತೆ ಕ್ಯಾಸೆಟ್ಟಿನ ಧಾಟಿ ಎಲ್ಲಾರ ಕಿವ್ಯಾಗೂ ಕೂತದ. ಪುಸ್ತಕ ತಗದ ಕೂಡಲೆ ಬಾಯಿ ಹಾಡಲಿಕ್ಕೆ ಹೊಕ್ಕೈತಿ. ಸಂಗೀತದಾಗ ಎಲ್ಲಿ ನಿಲ್ಲಬೇಕು ಅಂಬೋದನ್ನ ತಾಳ ಹೇಳತದ. ಕವಿತಾದಾಗ ಅರ್ಥ ಹೇಳತದ. ಎರಡೂ ಒಂದ ಕಡೆ ಬೀಳೂದಿಲ್ಲ ಯಾವಾಗಲೂ. ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಅಂಬೋದನ್ನ ಪ್ರೇಮಗೀತೆ ಅಂತ ತಿಳಕೊಂಡವರು ಭಾಳ ಮಂದಿ ಇದ್ದಾರ. ಅದು ಮಗು ಕೈಬಿಟ್ಟು ಹೋಗೂವಾಗ ಅಪ್ಪ ಆದಾಂವ ಹೆಂಡತಿ ಮುಖಾ ನೋಡಲಾರದ ಆಡಿದ ಮಾತು.

ಧಾಟಿ ಬಿಡಸಲಿಕ್ಕೆ ಸರಳ ಉಪಾಯ: ಸಾಲು ಮುರದು ಗದ್ಯದಂಗ ಬರಕೊಳ್ರಿ. ಪೂರ್ಣವಿರಾಮ ಎಲ್ಲಿ ಬರತದೋ ಅಲ್ಲೆ ಹಾಕ್ರಿ. ಆ ಕಾಗದ ನೋಡಿ ಎರಡು ಸರತೆ ಮಾತಾಡಿದಂಗ ಓದ್ರಿ, ಆಮ್ಯಾಲೆ ಪುಸ್ತಕಕ್ಕ ಹೊಳ್ಳಿ ಬರ್ರಿ. ಹಾಡು ಕೇಳೂದಿದ್ರ ಕಡೀಕ ಕೇಳ್ರಿ, ಮೊದಲ ಬ್ಯಾಡ.

ಮತ್ತ, ಬೇಂದ್ರೆಯವರ "ಹೀಂಗ", "ಬ್ಯಾಡ" ಇವನ್ನ ತಿದ್ದಿ ಗ್ರಾಂಥಿಕ ಮಾಡಬ್ಯಾಡ್ರಿ. ನಿಮ್ಮ ಮನಿ ಹತ್ತರ ಹುಬ್ಬಳ್ಳಿ-ಧಾರವಾಡದ ಕಡೆಯವರು ಯಾರರೆ ಇದ್ರ ಒಂದ ಸಲ ಅವರ ಬಾಯಾಗ ಓದಿಸಿ ಕೇಳ್ರಿ. ನಕಲು ಮಾಡೂ ಜರೂರು ಇಲ್ಲ, ಎಲ್ಲೆ ಜೋರು ಬೀಳತದ ಅಂತ ತಿಳದ್ರ ಸಾಕು.

ಹಾಡಲೇಬೇಕಂದ್ರ ಬೀಸೂಕಲ್ಲಿನ ತ್ರಿಪದಿ ಹಾಡ್ರಿ, ಅದು ಹುಟ್ಟಿದ್ದ ಕೆಲಸದ ಜೋಡಿ. "ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ, ಎಳ್ಳು ಜೀರಿಗೆ ಬೆಳೆಯೋಳ ಭೂತಾಯ, ಎದ್ದೊಂದು ಗಳಿಗೆ ನೆನೆದೇನ" ಎಲ್ಲಾರಿಗೂ ಗೊತ್ತಿದ್ದದ್ದು. ಕಾಗದದ ಮ್ಯಾಲೆ ಮೂರು ಸಾಲು, ಹಾಡೂವಾಗ ನಾಕು ಆಗತಾವ. "ಎಳ್ಳು ಜೀರಿಗೆ ಬೆಳೆಯೋಳ" ಅಂತ ಒಮ್ಮೆ ನಿಂತು, ಮತ್ತ ಅದನ್ನ ಹಿಡದು "ಭೂತಾಯ"ಕ್ಕ ಮುಟ್ಟತಾರ. ಆ ಹೊಳ್ಳಿ ಹೇಳೂದರಾಗ ಬೀಸೂಕಲ್ಲಿನ ಒಂದು ಸುತ್ತು ಅದ. ಓದಿ ಮುಗಿಸಿದ್ರ ಮೂರ ಸಾಲಿಗೆ ಮುಗದು ಹೋಗತದ, ಹಾಡಿದ್ರ ಭೂತಾಯಿ ಬರೂತನಕ ಕಾಯಬೇಕು.

ಮೆಟ್ಟಿಲುಸಾಲು:

ಇಷ್ಟು ವಿವರವಾಗಿ ಬರೆದ ನಿಮಗೆಲ್ಲ ಧನ್ಯವಾದ. ಮೊದಲ ವಾರ ಅಕ್ಕಿಚೀಲ, ಎರಡನೇ ವಾರ ಅಡುಗೆಮನೆಯ ದ್ರೌಪದಿ ಅಂತ ನಿಶ್ಚಯ ಆಯ್ತು. ನಾಟಕದ್ದು ಹೇಳಿ. ಆರು ಜನಕ್ಕೆ ಹತ್ತು ಪಾತ್ರ ಬಂದರೆ ಏನು ಮಾಡೋದು? ಒಂದೂವರೆ ಗಂಟೆಯಲ್ಲಿ ಎಷ್ಟು ಪುಟ ಮುಗಿಯುತ್ತೆ? ಯಾವ ನಾಟಕ? ನಮ್ಮ ನರ್ಸಮ್ಮ ಕೇಳಿದ ಪ್ರಶ್ನೆಯೂ ಒಂದಿದೆ: ರಾಜಮಹಾರಾಜರು ಇಲ್ಲದ ನಾಟಕ ಇದೆಯಾ?

ರಂಗಸೂಚನೆ:

ಇದೆ ಅಂತ ಹೇಳಿ ಅವರಿಗೆ. ಕುವೆಂಪು ಅವರ ಜಲಗಾರ ಚಿಕ್ಕದು, ಒಂದೇ ಸಂಜೆಗೆ ಸರಿಹೋಗುತ್ತೆ. ಊರಿಗೆ ಊರೇ ಶಿವನ ಗುಡಿಗೆ ಹೊರಟಿದೆ, ಬೀದಿ ಗುಡಿಸೋನು ಕಸ ಬಿಟ್ಟು ಹೋಗಲಾರ, ಹೋದರೂ ಒಳಗೆ ಬಿಡೋರಿಲ್ಲ. ಕಡೆಗೆ ಶಿವನೇ ಅವನಿದ್ದಲ್ಲಿಗೆ ಬರ್ತಾನೆ, ತಾನೂ ಜಗದ ಜಲಗಾರ ಅಂತ. ನೀವು ಹುಡುಕ್ತಿರೋ ವಿಷಯ ಇದೇ ತಾನೆ? ಆದರೆ ಭಾಷೆ ಪದ್ಯದ್ದು, ಭಾಮಿನಿಯವರು ಹೇಳಿದ ಪದ ಬಿಡಿಸೋ ಕೆಲಸ ಇಲ್ಲೂ ಬೇಕು. ಜಲಗಾರನ ಪಾತ್ರ ಓದೋರ ಕೈಗೆ ಪೊರಕೆ ಕೊಡಿ, ಗುಡಿಸ್ತಾ ಓದಲಿ. ನಿಂತು ಓದಿದರೆ ಅವನೇ ಸ್ವಾಮೀಜಿ ಆಗಿಬಿಡ್ತಾನೆ. ಶಿವನನ್ನ ಓದೋರೂ ಅಷ್ಟೇ, ಗಂಭೀರ ದನಿ ತೆಗೆದರೆ ನಾಟಕ ಅಲ್ಲೇ ಮುಗೀತು.

ಮನೆಯೊಳಗಿನ ನಾಟಕ ಬೇಕಂದ್ರೆ ಕೈಲಾಸಂ. ಟೊಳ್ಳುಗಟ್ಟಿ 1918ರದ್ದು. ಮಾರ್ಕ್ಸ್ ತೆಗೆಯೋ ಮಗ, ಮನೆಗೆ ಆಗಿಬರೋ ಮಗ ಅನ್ನೋ ಅದರ ತಕರಾರು ಇವತ್ತಿನ ಪಿಯುಸಿ ಮನೆಗಳಲ್ಲಿ ಹಾಗೇ ನಡೀತಿದೆ. ಕೈಲಾಸಂ ಆಡಿದ್ದನ್ನ ಆಡಿದ ಹಾಗೇ ಬರೆದವರು, ಇಂಗ್ಲಿಷ್ ಬೆರೆತ ಹಳೇ ಮೈಸೂರಿನ ಮನೆಮಾತು. ಕಣ್ಣಲ್ಲಿ ಓದಿದರೆ ಗೋಜಲು, ಬಾಯಿಗೆ ಬಂದರೆ ಸಲೀಸು. ಅಪಾಯ ಬೇರೆ ಥರದ್ದು: ಮೊದಲ ನಗು ಬಿದ್ದ ಮೇಲೆ ಎಲ್ಲರೂ ನಗಿಸೋಕೆ ನಿಂತು ವೇಗ ಹೆಚ್ಚಿಸ್ತಾರೆ, ಮನೆಯ ಹೆಂಗಸಿನ ಸಣ್ಣ ಮಾತುಗಳು ಆ ಗದ್ದಲದಲ್ಲಿ ಕೊಚ್ಚಿ ಹೋಗ್ತವೆ. ಆ ಪಾತ್ರ ನಿಮ್ಮಲ್ಲಿ ನಿಧಾನವಾಗಿ ಓದೋರಿಗೆ ಕೊಡಿ.

ಲೆಕ್ಕ: ಸಂಭಾಷಣೆಯ ಮುದ್ರಿತ ಪುಟಕ್ಕೆ ಒಂದೂವರೆಯಿಂದ ಎರಡು ನಿಮಿಷ ಹಿಡಿಯಿರಿ. ಮೂವತ್ತು ಪುಟಕ್ಕೆ ಸುಮಾರು ಒಂದು ಗಂಟೆ, ಉಳಿದ ಅರ್ಧ ಗಂಟೆ ಚಹಾ ಮತ್ತು ಮಾತು. ಅದಕ್ಕಿಂತ ದೊಡ್ಡ ನಾಟಕವನ್ನ ಎರಡು ವಾರಕ್ಕೆ ಒಡೆಯಿರಿ, ಆದರೆ ದೃಶ್ಯದ ನಡುವೆ ಒಡೆಯಬೇಡಿ.

ಪಾತ್ರ ಹಂಚಿಕೆಗೆ ಒಂದು ಹಾಳೆ ಸಾಕು. ಎಡಕ್ಕೆ ಪಾತ್ರಗಳ ಹೆಸರು, ಮೇಲೆ ದೃಶ್ಯದ ಸಂಖ್ಯೆ, ಯಾರು ಎಲ್ಲಿ ಬರ್ತಾರೋ ಅಲ್ಲಿ ಗುಣಾಕಾರದ ಗುರುತು. ಒಂದೇ ದೃಶ್ಯದಲ್ಲಿ ಗುರುತು ಬೀಳದ ಎರಡು ಪಾತ್ರ ಒಬ್ಬರಿಗೆ ಕೊಡಬಹುದು. ದನಿ ಬದಲಿಸಿ ಮಿಮಿಕ್ರಿ ಮಾಡೋ ಅಗತ್ಯ ಇಲ್ಲ. ಕುರ್ಚಿ ಬದಲಿಸಿ ಕೂತರೆ ಅಥವಾ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡರೆ ಕೇಳೋರಿಗೆ ತಿಳಿಯುತ್ತೆ. ಆರು ಜನರಲ್ಲಿ ಒಬ್ಬರನ್ನ ರಂಗಸೂಚನೆ ಓದೋಕೆ ಮೀಸಲಿಡಿ. ನನ್ನ ಹೆಸರಿನ ಮೋಹದಿಂದ ಹೇಳ್ತಿಲ್ಲ! ಪಾತ್ರ ಓದೋರೇ "ಕೋಪದಿಂದ" ಅಂತ ಓದಿ ಆಮೇಲೆ ಕೋಪ ಮಾಡಿಕೊಂಡರೆ ನಗು ಬರುತ್ತೆ. ಬಂದ, ಹೋದ, ಕೊಟ್ಟ, ಬಾಗಿಲು ಹಾಕಿದ, ಇಂಥ ಸೂಚನೆ ಮಾತ್ರ ಜೋರಾಗಿ ಓದಿ. ಕೋಪ, ದುಃಖ ಎಲ್ಲ ಬಿಟ್ಟುಬಿಡಿ, ಅದು ಓದುವವರ ಕೆಲಸ.

ಎಲ್ಲರ ಹತ್ತಿರ ಒಂದೇ ಮುದ್ರಣ ಇರಲಿ, ಪುಟಸಂಖ್ಯೆ ಬೇರೆಯಾದರೆ ಅರ್ಧ ಸಂಜೆ ಹುಡುಕೋದರಲ್ಲೇ ಹೋಗುತ್ತೆ. ಮೊಬೈಲಲ್ಲಿ ಓದೋದು ಬೇಡ, ಸರದಿ ಬಂದಾಗ ಪರದೆ ಆರಿಹೋಗಿರುತ್ತೆ, ತಲೆಯೂ ಮೇಲೇಳೋದಿಲ್ಲ. ಸಾಲಾಗಿ ಕೂರದೆ ಕಮಾನಿನ ಹಾಗೆ ಕೂತರೆ ಎದುರಿನವರ ಮುಖ ಕಾಣುತ್ತೆ.

ಇನ್ನು ಹಕ್ಕಿನ ವಿಷಯ. ಮನೆಯೊಳಗೆ ಓದಿಕೊಳ್ಳೋಕೆ ಯಾರ ತಕರಾರೂ ಇಲ್ಲ. ನಾಳೆ ಗಣೇಶೋತ್ಸವದಲ್ಲಿ ಆಡೋಣ ಅನ್ನಿಸಿದರೆ ಲೇಖಕರು ತೀರಿಕೊಂಡ ವರ್ಷ ನೋಡಿ. ನಂತರದ 60 ವರ್ಷ ಹಕ್ಕು ಇರುತ್ತೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರವು ಮುಕ್ತ. ಕುವೆಂಪು 1994, ಅಲ್ಲಿ ಅನುಮತಿ ಕೇಳಲೇಬೇಕು.

ಒಗ್ಗರಣೆ:

ಪಟ್ಟಿಯಲ್ಲಿ ಲಕ್ಕಮ್ಮನನ್ನ ಬಿಟ್ಟರೆ ಎಲ್ಲ ಗಂಡಸರು ಬರೆದದ್ದೇ ಆಯ್ತಲ್ಲ! ಅಡುಗೆ ಅಂದಿರಿ, ವೈದೇಹಿಯವರ ಕವಿತೆಗಳನ್ನ ಸೇರಿಸಿಕೊಳ್ಳಿ. ತಿಳಿಸಾರಿನ ಬಗ್ಗೆ ಕವಿತೆ ಬರೆದವರು ಅವರು. ಅವನ್ನ ಓದುವಾಗ ಒಂದು ಎಚ್ಚರ: ಮೇಲ್ನೋಟಕ್ಕೆ ಬಲು ಸರಳ, ಅದಕ್ಕೆ ಎಲ್ಲರೂ ಗಡಗಡ ಓದಿ ಮುಗಿಸ್ತಾರೆ, ಒಳಗಿನ ಚುಚ್ಚು ತಪ್ಪಿಹೋಗುತ್ತೆ. ವ್ಯಂಗ್ಯದ ಸಾಲನ್ನ ವ್ಯಂಗ್ಯದ ದನಿಯಲ್ಲಿ ಓದಬಾರದು, ನಿಜಕ್ಕೂ ವಿನಯದಿಂದ ಕೇಳೋ ಹಾಗೆ ಓದಬೇಕು. ಆಗ ಕೂತವರೇ ಕಸಿವಿಸಿಗೊಳ್ತಾರೆ.

ಇನ್ನೊಂದು, ಹೊಸ್ತಿಲ ಬಳಿ ಚೀಲ ಹಿಡಿಯೋ ಸರದಿ ಗಂಡಸರಿಗೇ ಅಂತ ಇಟ್ಟುಕೊಳ್ಳಬೇಡಿ. ಲಕ್ಕಮ್ಮನ ಮಾತನ್ನ ಬ್ಯಾಂಕಿನವರೂ ಒಂದು ಸಲ ಓದಲಿ. ಒಬ್ಬರು ಬಾರದ ವಾರ ಗುಂಪು ರದ್ದು ಮಾಡಬೇಡಿ. ಇಬ್ಬರೇ ಇದ್ದರೂ ವಚನ ನಡೆಯುತ್ತೆ, ಮೂವರಿದ್ದರೆ ವಾಚನ, ವ್ಯಾಖ್ಯಾನ, ಕೇಳೋಕೊಬ್ಬರು. ನಾಟಕವನ್ನ ಮಾತ್ರ ಐದಕ್ಕಿಂತ ಕಡಿಮೆ ಜನ ಬಂದ ದಿನ ಮುಂದಕ್ಕೆ ಹಾಕಿ.